ಬಾಣ ಬಾರದ ವೃತ್ತ

ಆ ದಿನದ ಅನರ್ಥಕ್ಕೆಲ್ಲ ಮೂಲ ಒಂದು ಪೆನ್ಸಿಲು. ಅದನ್ನು ದಾರಕ್ಕೆ ಕಟ್ಟಿ ಗೋಡೆಗೆ ತೂಗುಹಾಕಿದವನು ಕಂಪ್ಯೂಟರ್ ವಿಭಾಗದ ಲಿಂದೋಮಾರ್.

ರೆಸೀಫೆ ನಗರದ ಆ ಸರ್ಕಾರಿ ಚಿಕಿತ್ಸಾಲಯಕ್ಕೆ ಹೊಸ ತಂತ್ರಾಂಶ ಬೇಕಾಗಿತ್ತು. ಏತಕ್ಕೆ ಬೇಕೆಂದು ಕೇಳದೆ ತಂತ್ರಾಂಶ ಬರೆದುಕೊಡುವವರು, ನಾಡಿ ಹಿಡಿಯದೆ ಹೊಟ್ಟೆ ಕೊಯ್ಯುವವರಿಗಿಂತ ಕಡಿಮೆ ಅಪರಾಧಿಗಳಲ್ಲ. ದುರದೃಷ್ಟಕ್ಕೆ ಅಂಥವರೇ ಹೆಚ್ಚು. ಲಿಂದೋಮಾರ್ ಅಂಥವನಲ್ಲ. ಮೊದಲು ಗುರಿಗಳ ಚಿತ್ರ ಬರೆಯುವುದು ಅವನ ವ್ರತ. ಒಬ್ಬೊಬ್ಬರಿಗೂ ಒಂದೊಂದು ವೃತ್ತ. ಒಳಗೆ ಅವರವರ ಗುರಿ. ಯಾರು ಯಾರನ್ನು ನೆಚ್ಚಿದ್ದಾರೋ ಅವರತ್ತ ಬಾಣ. ಅಳತೆಗೆ ಸಿಗದ ಆಸೆಗಳಿಗೆ ಮೋಡದ ಆಕಾರ. ದೊಡ್ಡ ಹಾಳೆಯಲ್ಲಿ ಬರೆದ ಆ ಚಿತ್ರವನ್ನು ಗೋಡೆಗೆ ಅಂಟಿಸಿದ; ತಪ್ಪಿದ್ದರೆ ಯಾರಾದರೂ ತಿದ್ದಲೆಂದು ಪಕ್ಕದಲ್ಲಿ ಪೆನ್ಸಿಲು. ಸಂಜೆ ನಾಲ್ಕಕ್ಕೆ ನಿರ್ದೇಶಕ ಡಾಕ್ಟರ್ ತೆಯೋಬಾಲ್ದೊ ಚಿತ್ರಕ್ಕೆ ಸಹಿ ಹಾಕದಿದ್ದರೆ ಯೋಜನೆ ರದ್ದು. ಲಿಂದೋಮಾರ್ ಮತ್ತೆ ಪ್ರಿಂಟರ್ ರಿಪೇರಿಗೆ.

ಹತ್ತು ಗಂಟೆಗೆ ನೋಂದಣಿ ಮೇಜಿನ ಹಿರಿಯಾಕೆ ದೋನಾ ಇವೊನೇತಿ ಸೊಂಟಕ್ಕೆ ಕೈಯಿಟ್ಟು ಚಿತ್ರದ ಮುಂದೆ ನಿಂತರು.

“ಏನಪ್ಪಾ, ನನ್ನ ಬಾಣ ಈ ಕಾವಲುಗಾರನ ಕಡೆ ಯಾಕೆ ತಿರುಗಿದೆ? ನಾನು ಇವನ್ನ ನೆಚ್ಕೊಂಡಿದೀನಾ?”

“ಗೇಟಲ್ಲಿ ನಾನು ಸರದಿ ಚೀಟಿ ಕೊಡದಿದ್ರೆ ನೀವು ಯಾರನ್ನ ಕರೀತೀರಿ ದೋನಾ?” ಎಂದ ಕಾವಲುಗಾರ ಬೆಲಾರ್ಮಿನೊ, ಬಾಯ್ತುಂಬ ಜೋಳದ ಕೇಕು ತುರುಕಿಕೊಂಡು.

“ಕೊಡ್ತೀಯೋ, ನಿದ್ದೇಲಿ ಉದುರಿಸ್ತೀಯೋ, ದೇವ್ರಿಗೇ ಗೊತ್ತು.”

ಆಕೆ ಬಾಣವನ್ನು ತಿರುಗಿಸಿದರು. ಆತ ಮತ್ತೆ ತಿರುಗಿಸಿದ. ಆಕೆ ತಮ್ಮ ವೃತ್ತದಲ್ಲಿ ‘ಮರ್ಯಾದೆ’ ಎಂದೊಂದು ಮೋಡ ತೇಲಿಸಿದರು. ಆತ ‘ನೆಮ್ಮದಿ’ ಎಂದು ಎರಡು ತೇಲಿಸಿದ. ದಾದಿಯರೂ ಸಾಲಿನಲ್ಲಿ ನಿಂತ ರೋಗಿಗಳೂ ಕೈಯಾಡಿಸಿದ ಮೇಲೆ ಚಿತ್ರ ಜೂನ್ ತಿಂಗಳ ಆಕಾಶದಂತೆ ಕವಿದುಕೊಂಡಿತು.

ಊಟ ಬಿಟ್ಟು, ರಬ್ಬರು ಹಿಡಿದು, ಎಲ್ಲರನ್ನೂ “ಯಾಕೆ? ಯಾಕೆ?” ಎಂದು ಕಾಡಿ, ಮೂರೂವರೆಗೆ ಲಿಂದೋಮಾರ್ ಎಲ್ಲರೂ ಒಪ್ಪುವ ಚಿತ್ರ ಮುಗಿಸಿದ. ಆಗ ಇವೊನೇತಿ ಅವನ ತೋಳು ತಿವಿದರು.

“ಡಾಕ್ಟ್ರ ವೃತ್ತ ನೋಡು. ಒಂದು ಬಾಣಾನೂ ಬಂದಿಲ್ಲ. ಅವರನ್ನ ಯಾರೂ ನೆಚ್ಚಿಲ್ಲ ಅಂತಾಯ್ತಲ್ಲೋ! ಸುಳ್ಳಾದ್ರೂ ಒಂದು ಎಳೆದುಬಿಡು ಮಗಾ.”

“ಇಲ್ಲದ ಬಾಣ ಎಳೆಯೋ ಕೈ ನನ್ನದಲ್ಲ,” ಎಂದ ಲಿಂದೋಮಾರ್.

ನಾಲ್ಕಕ್ಕೆ ಸರಿಯಾಗಿ ಬಂದ ಡಾಕ್ಟರು ತಮ್ಮ ವೃತ್ತದ ಸುತ್ತ ಬೆರಳಾಡಿಸಿ ನೋಡಿದರು.

“ಅಂದ್ರೆ, ನಾನಿಲ್ಲದಿದ್ರೂ ಇಲ್ಲಿ ಎಲ್ಲ ನಡೆಯುತ್ತೆ?”

“ನಡೆಯುತ್ತೆ ಡಾಕ್ಟ್ರೇ,” ಎಂದ ಲಿಂದೋಮಾರ್, ನೇಣಿಗೆ ಕೊರಳೊಡ್ಡಿದವನಂತೆ.

“ಖಂಡಿತಾ?”

“ಒಂದೊಂದು ಬಾಣಾನೂ ಮೂರು ಸಲ ವಿಚಾರಿಸಿದೀನಿ.”

ಡಾಕ್ಟರು ಅವನನ್ನು ಬಾಚಿ ತಬ್ಬಿಕೊಂಡರು. “ಮೂರು ವರ್ಷದಿಂದ ಸಂತ ಜೊವಾಂವ್ ಹಬ್ಬಕ್ಕೆ ಕರುವಾರು ಊರಿಗೆ ಹೋಗ್ತೀನಿ, ರಜೆ ಕೊಡಿ ಅಂತ ಗೋಗರೀತಿದೀನಿ ಕಣಯ್ಯಾ. ನೀವಿಲ್ಲದೆ ಅಲ್ಲೊಂದು ಕಡ್ಡಿ ಅಲುಗಾಡಲ್ಲ ಅಂತಾರೆ ಮೇಲಿನವರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?” ಎಂದವರೇ ಚಿತ್ರವನ್ನು ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಹೊರಟರು.

“ಡಾಕ್ಟ್ರೇ, ಸಹಿ...”

ಕಾರು ಆಗಲೇ ಗೇಟು ದಾಟಿತ್ತು.

“ಎಲ್ಲರನ್ನೂ ಬರೆದೆ,” ಎಂದರು ಇವೊನೇತಿ ಕನಿಕರದಿಂದ. “ನಿನ್ನ ವೃತ್ತ ಎಲ್ಲಿತ್ತು ಮಗಾ?”

ಲಿಂದೋಮಾರ್ ಪೆನ್ಸಿಲು ಹಿಡಿದ. ಬೋಳುಗೋಡೆಯ ಮೇಲೆ ಪುಟ್ಟದೊಂದು ವೃತ್ತ ಬರೆದು, ಅದರಿಂದ ಒಂದೇ ಒಂದು ಬಾಣವನ್ನು, ಡಾಕ್ಟರ ಕಾರು ಹೋದ ಗೇಟಿನತ್ತ ಎಳೆದ.

“ಚೆನ್ನಾಗಿದೆ,” ಎಂದ ಬೆಲಾರ್ಮಿನೊ. “ಗೋಡೆ ಒರೆಸೋದನ್ನೂ ನಿನ್ನ ಗುರೀಲಿ ಸೇರಿಸ್ಕೋ.”