ಗೆದ್ದ ಮರುದಿನದ ಚಿಂತೆಯ ನಮ್ಮ ಮಾವ

ನನ್ನ ಸೋದರಮಾವನಿಗೆ ಯುದ್ಧಗಳಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲ. ಯಾರು ಯಾರನ್ನು ಸೋಲಿಸಿದರೇನು, ಅದು ಸಿನಿಮಾದವರ ಪಾಡು! ಗೆದ್ದ ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದವರು ಯಾರು, ಕುರ್ಚಿಯಲ್ಲಿ ಕೂತವರು ಯಾರು, ಇಷ್ಟೇ ಅವರಿಗೆ ಬೇಕು. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಬೇಸಿಗೆ ಕಳೆಯಲು ಅಮೆರಿಕದ ಬಾಥೆಲ್‌ನ ನಮ್ಮ ಮನೆಗೆ ಬಂದರು. ಬಂದವರು ಕೂರಲೇ ಇಲ್ಲ. ಅಡುಗೆಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಹಿತ್ತಲಿನ ಮರದ ಜಗಲಿ, ಡೆಕ್ಕಿಗೆ ಓಡಾಡುತ್ತಲೇ ಪಾಠ. ಕೇಳುವವರೂ ಹಿಂದೆ ಹಿಂದೆ ನಡೆಯಬೇಕು!

"ಪೇಶ್ವೆ ಹೋಗಿ ಇಂಗ್ಲಿಷರು ಬಂದ್ರು. ಊರ ಗೌಡನ್ನ ತಗದ್ರೇನು? ಇಲ್ಲ! ಲೆಕ್ಕಾ ಬರಿಯೂ ಕುಲಕರ್ಣಿನ್ನ? ಅವನ್ನೂ ಇಲ್ಲ! ಅವರ ಮ್ಯಾಲೆ ತಮ್ಮ ಕಲೆಕ್ಟರನ್ನ ತಂದು ಕುಂಡ್ರಿಸಿದ್ರು. ನಮಸ್ಕಾರ ಮಾಡೂ ದಿಕ್ಕಷ್ಟ ಬದಲಾತು!"

ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಪಕ್ಕದೂರು ರೆಡ್ಮಂಡಿನ ತೆಲುಗರೊಬ್ಬರನ್ನು ಹಿಡಿದು, ಗೆದ್ದ ಸೀಮೆಯಲ್ಲಿ ಕಂದಾಯ ವಸೂಲಿ ಹೇಗೆಂದು ವಿವರಿಸಿದರು. ಅವರು ಗಾಬರಿಯಾಗಿ ಹುಂಡಿಗೆ ಇನ್ನೊಂದು ನೋಟು ಹಾಕಿಬಿಟ್ಟರು!

ನನ್ನ ಮಗಳು ತಪ್ಪಿಸಿಕೊಳ್ಳಲು ನೋಡಿದಳು. "ಅಜ್ಜಾ, ಐ ಹ್ಯಾವ್ ಹೋಂವರ್ಕ್!"

"ಯಾವ ಭಾಷಾದಾಗ ಅದ?"

"ಇಂಗ್ಲಿಷ್."

"ನೋಡು, ಆಡಳಿತ ಅಂದ್ರ ಇದ!"

ಅಷ್ಟರಲ್ಲಿ ಫ್ಯಾಕ್ಟೋರಿಯಾ ಬಡಾವಣೆಯಲ್ಲಿ ನಾನು ಕೆಲಸಕ್ಕಿದ್ದ ಪುಟ್ಟ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಂಡುಕೊಂಡಿತು.

"ಹೊಸಬ್ರು ಏನಂದ್ರು?" ಎಂದರು ಮಾವ.

"ಏನೂ ಬದಲಾಗೂದಿಲ್ಲ ಅಂದಾರ."

ಮಾವ ನಡೆಯುವುದನ್ನೇ ನಿಲ್ಲಿಸಿದರು. "ಹಂಗಾರ ಮುಗೀತು!"

"ಸುಮ್ನೆ ಹೆದರಿಸ್ಬೇಡಿ ಮಾವ," ಎಂದರು ನನ್ನ ಗಂಡ. ಮೈಸೂರಿನವರು, ಯಾವುದಕ್ಕೂ ಗಾಬರಿಯಾಗುವವರಲ್ಲ.

ಆದರೆ ನಮ್ಮ ಮೇಲೆ ಹೊಸ ಡೈರೆಕ್ಟರ್ ಬಂದು ಕೂತರು. "ಕಲೆಕ್ಟರ್ ಬಂದ!" ಎಂದರು ಮಾವ. ನಮ್ಮ ಕಂಪ್ಯೂಟರ್ ಸಿಸ್ಟಮ್ಮನ್ನು ಮುಚ್ಚಿ, ಕೆಲಸವನ್ನೆಲ್ಲ ಅವರ ಸಿಸ್ಟಮ್ಮಿಗೆ ಸಾಗಿಸಿದರು. "ದಫ್ತರದ ಭಾಷಾ ಬದಲಾತು!" ಕ್ರಿಕೆಟ್ ಕಾಮೆಂಟರಿಯೇ ಸರಿ! ಮುಂದಿನ ವಿಕೆಟ್ ಯಾರದು? ನನಗೂ ಕೂತಲ್ಲಿ ಕೂರಲಾಗದೆ, ಅವರ ಹಿಂದೆ ಡೆಕ್ಕಿನ ಮೇಲೆ ಸುತ್ತತೊಡಗಿದೆ.

ವಿಕೆಟ್ ನನ್ನದೇ ಆಗಿತ್ತು.

ಆಫೀಸಿನ ಮೇಜಿನಿಂದ ನನ್ನ ಸಾಮಾನು ತರಲು ಹೊರಟಾಗ ಮಾವ ಕೋಟು ಹಾಕಿಕೊಂಡು ಕಾರಿನಲ್ಲಿ ಕೂತುಬಿಟ್ಟಿದ್ದರು. ಬೇಡವೆಂದರೂ ಇಳಿಯಲಿಲ್ಲ. ಆಫೀಸಿನ ಲಾಬಿಯಲ್ಲಿ ನನ್ನ ಬ್ಯಾಡ್ಜ್ ತೆಗೆದುಕೊಳ್ಳಲು ಹೊಸ ಕಂಪನಿಯ ಎಚ್‌ಆರ್ ಹೆಂಗಸು ಬಂದಳು. ಮಾವ ಎದ್ದು ನಿಂತು, ಕ್ಲಾಸಿನ ಕೊನೆಯ ಬೆಂಚಿಗೂ ಕೇಳಿಸುವ ಇಂಗ್ಲಿಷಿನಲ್ಲಿ ಶುರು ಮಾಡಿದರು.

"ಮೇಡಂ, ಬುದ್ಧಿಯಿರುವ ಯಾವ ಸರ್ಕಾರವೂ ಗೆದ್ದ ಊರಿನ ಹಳೆಯ ಕುಲಕರ್ಣಿಯನ್ನು ತೆಗೆಯುವುದಿಲ್ಲ. ಯಾವ ಹೊಲ ಯಾರದು, ಬಾವಿ ಎಲ್ಲಿದೆ, ಅವನಿಗಷ್ಟೇ ಗೊತ್ತು. ನಿಮ್ಮ ಈ ಊರಿನ ಬಾವಿಗಳೆಲ್ಲ ಈ ಹುಡುಗಿಗೆ ಗೊತ್ತು. ದಯವಿಟ್ಟು ಇನ್ನೊಮ್ಮೆ ಯೋಚಿಸಿ."

ಆಕೆ ಕಕ್ಕಾಬಿಕ್ಕಿಯಾಗಿ, "ಐ ಆ್ಯಮ್ ಸೋ ಸಾರಿ, ಸರ್," ಎಂದು ಬ್ಯಾಡ್ಜ್ ತೆಗೆದುಕೊಂಡು ಹೋದಳು. ನಾನು ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ.

ಕಾರು ಹತ್ತಿದೊಡನೆ ರೇಗಿದೆ. "ಅಲ್ಲೂ ನಿಮ್ಮ ಇತಿಹಾಸ ಬೇಕಾಗಿತ್ತೇನು ಮಾವ?"

ಅವರು ಕೋಟಿನ ಗುಂಡಿ ತಿರುವುತ್ತ ಮೆಲ್ಲಗೆ ಹೇಳಿದರು: "ನಿನ್ನ ಸಲುವಾಗಿ ಜಗಳಾ ಆಡಬೇಕು ಅನಸ್ತವಾ. ನಂಗ ಬ್ಯಾರೆ ಏನೂ ಬರೂದಿಲ್ಲಲ್ಲ."

ಕಾರು ಸ್ಟಾರ್ಟ್ ಮಾಡಲು ಚಾಚಿದ ಕೈ ಹಾಗೇ ನಿಂತಿತು. ಕೆಲಸ ಹೋದ ಮೇಲೆ ಅತ್ತಿರಲಿಲ್ಲ. ಅವರ ಕೋಟಿನ ತೋಳಿಗೆ ಮುಖವಿಟ್ಟು ಅತ್ತುಬಿಟ್ಟೆ.