ಚಿಪ್ಪೇ ಇಲ್ಲದ ಚಿಪ್ ಪರೀಕ್ಷೆ

ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ನಾನು ಕೆಲಸಕ್ಕೆ ಕೂತೆನೆಂದರೆ ಏನಾದರೊಂದು ಆಗಲೇಬೇಕು. ಇದಕ್ಕೆ ಕೆಲವರು ಗ್ರಹಚಾರ ಅನ್ನುತ್ತಾರೆ. ನಾನು ಪ್ರತಿಭೆ ಅನ್ನುತ್ತೇನೆ.

ಚಿಪ್ಪನ್ನು ಕಾರ್ಖಾನೆಗೆ ಕಳಿಸುವ ಮೊದಲು ಕಂಪ್ಯೂಟರಿನೊಳಗೇ ಓಡಿಸಿ ನೋಡುವುದು ನಮ್ಮ ಕೆಲಸ. ಅಸಲಿ ಡಿಸೈನನ್ನೇ ಓಡಿಸಬಹುದು: ಸತ್ಯ ಹೇಳುತ್ತದೆ, ಆದರೆ ಬಸವನಹುಳು. ಇಲ್ಲವೇ ಅದರ ಭಾಗಗಳ ಜಾಗದಲ್ಲಿ ಅವುಗಳಂತೆ ನಟಿಸುವ ಸಾಫ್ಟ್‌ವೇರ್ ಮಾಡೆಲ್ ಕೂರಿಸಬಹುದು: ಗಾಳಿಯಂತೆ ಓಡುತ್ತದೆ, ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನುತ್ತದೆ.

ಅಸಲಿ

ಒಮ್ಮೆ ಅಸಲಿ ಡಿಸೈನನ್ನೇ ಓಡಲು ಬಿಟ್ಟೆ. ಪಕ್ಕದ ಸೀಟಿನವನು ರಜೆ ಹಾಕಿ, ಮದುವೆಯಾಗಿ, ಊಟಿ ಸುತ್ತಿ ವಾಪಸ್ ಬಂದ.

“ಅಂಕಲ್, ಮುಗೀತಾ?”

“ಇರೋ, ಈಗಷ್ಟೇ ಚಿಪ್ ಕಣ್ಣು ಬಿಡ್ತಿದೆ.”

“ನಾಮಕರಣದ ಹೊತ್ತಿಗಾದ್ರೂ ಮುಗಿಸಿ!”

ರಜೆ

ದಾವಣಗೆರೆಯಲ್ಲಿ ಭಾಮೈದನ ಗೃಹಪ್ರವೇಶ ಬಂತು. “ಈ ಚಿಪ್ ಪಾಸಾದ್ರೆ ಮಾತ್ರ ರಜೆ” ಅಂದರು ಮ್ಯಾನೇಜರ್.

“ರೀ, ಈ ಸಲಾನೂ ನೀವು ಬರ್ಲಿಲ್ಲ ಅಂದ್ರೆ ನಿಮ್ಮ ಫೋಟೋನೇ ತಗೊಂಡು ಹೋಗ್ತೀನಿ” ಅಂದಳು ಹೆಂಡತಿ.

“ಹೋಗು. ಹಾರ ಮಾತ್ರ ಹಾಕ್ಬೇಡ ಕಣೇ!”

ಗಾಳಿ ವೇಗ

ನಮ್ಮ ಟೀಮಿನಲ್ಲಿ ಒಂದು ಪದ್ಧತಿ. ಪ್ರತಿಯೊಬ್ಬರೂ ತಮ್ಮ ಭಾಗವನ್ನಷ್ಟೇ ಅಸಲಿ ಇಟ್ಟು, ಮಿಕ್ಕವರದ್ದಕ್ಕೆಲ್ಲ ಮಾಡೆಲ್ ಕೂರಿಸಿಕೊಳ್ಳುತ್ತಾರೆ. ಬೇರೆಯವರ ಬಸವನಹುಳುವಿಗೆ ನಾವ್ಯಾಕೆ ಕಾಯಬೇಕು? ನಾನು ಅವರೆಲ್ಲರ ಜಾಣತನವನ್ನೂ ಒಂದೇ ಕಡೆ ಸೇರಿಸಿ ಓಡಿಸಿಬಿಟ್ಟೆ. ಕಾಫಿ ಆರುವುದರೊಳಗೆ ಪಾಸು! ಮ್ಯಾನೇಜರ್ ನನ್ನನ್ನು ತಬ್ಬಿಕೊಂಡರು. ಮೈಸೂರು ಪಾಕ್ ಬಂತು. ನಾನು ಭಾಷಣಕ್ಕೆ ಎದ್ದು ನಿಂತೆ.

ಆಗ ಹೊಸದಾಗಿ ಸೇರಿದ್ದ ಇಂಜಿನಿಯರಮ್ಮ ಪರದೆ ನೋಡುತ್ತಾ ಕೇಳಿದಳು: “ಸಾರ್, ಇದ್ರಲ್ಲಿ ನಮ್ಮ ಚಿಪ್ ಎಲ್ಲಿದೆ?”

ಎಲ್ಲರೂ ಹುಡುಕಿದೆವು. ಒಬ್ಬೊಬ್ಬರೂ ಇನ್ನೊಬ್ಬರ ಭಾಗ ತೆಗೆದು ಮಾಡೆಲ್ ಕೂರಿಸಿದ್ದರಿಂದ, ಎಲ್ಲವನ್ನೂ ಸೇರಿಸಿದಾಗ ಒಂದೂ ಅಸಲಿ ಉಳಿದಿರಲಿಲ್ಲ. ಮಾಡೆಲ್‌ಗಳೇ ಒಂದನ್ನೊಂದು ಕೇಳಿ, ಒಂದಕ್ಕೊಂದು ‘ಹೂಂ’ ಅಂದು ಪಾಸಾಗಿದ್ದವು.

“ಚಿಪ್ಪೇ ಇಲ್ದೆ ಚಿಪ್ ಪಾಸು ಮಾಡಿಸಿದವರು ಕಾಡುಗೋಡಿಯಿಂದ ಪೀಣ್ಯದವರೆಗೆ ಯಾರಾದ್ರೂ ಇದ್ದಾರಾ ಸಾರ್?” ಅಂದೆ.

ಮ್ಯಾನೇಜರ್ ಬಾಯಲ್ಲಿದ್ದ ಮೈಸೂರು ಪಾಕ್ ನುಂಗಿ, “ರಜೆ ಕ್ಯಾನ್ಸಲ್” ಅಂದರು.

ನನ್ನ ಮಾಡೆಲ್

ಹೆಂಡತಿ ಮಾತಿಗೆ ತಪ್ಪಲಿಲ್ಲ. ಗೃಹಪ್ರವೇಶದ ದಿನ ವಿಡಿಯೋ ಕಾಲ್ ಮಾಡಿದರೆ, ಊಟದ ಪಂಕ್ತಿಯಲ್ಲಿ ಬಾಳೆಲೆಯ ಹಿಂದೆ ನನ್ನ ಫೋಟೋ ಕೂತಿದೆ! ಹಾರ ಇರಲಿಲ್ಲ, ಪುಣ್ಯ. ಬೇಜಾರಾಗಿರಬೇಕು ಅಂದುಕೊಂಡರೆ, ಭಾಮೈದನ ಮುಖದಲ್ಲಿ ನಾನೆಂದೂ ಕಾಣದ ಖುಷಿ.

“ಭಾವ, ಮುಂದಿನ ಸಲಾನೂ ಇದನ್ನೇ ಕಳ್ಸಿ. ನಮ್ಮನೆ ಫಂಕ್ಷನ್ನಲ್ಲಿ ಕೊನೇ ಪಂಕ್ತಿವರೆಗೂ ಹೋಳಿಗೆ ಬಂದಿದ್ದು ಇದೇ ಮೊದಲು!”