ಉಪ್ಪು ಜಾಸ್ತಿ

ಏಳು ರಾತ್ರಿಯ ಪ್ರಾರ್ಥನೆ ಮುಗಿದು, ಓಣಿಯವರ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಅವರವರ ಮನೆ ಸೇರಿದ ಮೇಲೆ, ಎಂಟನೆಯ ಬೆಳಿಗ್ಗೆ ವೆನಿಂಗ್ ಎದ್ದು ಎರಡು ಲೋಟ ಚಹಾ ಮಾಡಿದಳು. ಎರಡನ್ನೂ ಅವಳೇ ಕುಡಿದಳು. ಹೊರಗೆ ಹಲಸಿನ ಮರದ ನೆರಳು ನೀರಿನೊಳಗಿನ ಬಟ್ಟೆಯ ಹಾಗೆ ನಿಧಾನವಾಗಿ ಆಡುತ್ತಿತ್ತು. ಮಾಮೂಲಿ ಬೆಳಿಗ್ಗೆ. ಒಗೆಯುವ ಬಟ್ಟೆ ಇತ್ತು, ಒಗೆಯೋಣ ಎಂದುಕೊಂಡಳು.

ಗಂಡ ಪ್ರಸೋಜೊನ ನೀಲಿ ಅಂಗಿಯ ಜೇಬಿನಲ್ಲಿ ಒಂದು ಕನ್ನಡಕ ಸಿಕ್ಕಿತು. ಕೆಂಪು ಚೌಕಟ್ಟು, ಅಂಚಿನಲ್ಲಿ ಎರಡು ಹೊಳೆಯುವ ಹರಳು. ಹೆಂಗಸಿನ ಕನ್ನಡಕ.

ಬಸ್ ಕಂಪನಿಯಲ್ಲಿ ಟಿಕೆಟ್ ಬರೆಯುತ್ತಿದ್ದವನು, ಇರುವೆ ಸಾಲು ಕಂಡರೆ ದಾಟದೆ ಸುತ್ತಿ ಹೋಗುತ್ತಿದ್ದವನು, ನಾಲ್ಕೇ ದಿನದ ಜ್ವರದಲ್ಲಿ ಯಾರಿಗೂ ತೊಂದರೆ ಕೊಡದೆ ಹೋದವನು. ಅವನ ಜೇಬಿನಲ್ಲಿ ಇದು. ವೆನಿಂಗ್‌ಗೆ ಸಿಟ್ಟು ಬರಬೇಕಿತ್ತು. ಎಂಟು ದಿನದಿಂದ ಅವಳಿಗೆ ಏನೂ ಬರುತ್ತಿರಲಿಲ್ಲ. ಅವನ ಫೋನನ್ನು ಚಾರ್ಜಿಗೆ ಹಾಕಿ ಎದುರಿಗೆ ಕೂತಳು.

ಫೋನು ಡಬ್ಬದೊಳಗೆ ಬಿದ್ದ ಜೀರುಂಡೆಯಂತೆ ಗುಂಯ್‌ಗುಟ್ಟತೊಡಗಿತು. ದಿನಾ ಸಂಜೆ ಐದಕ್ಕೆ ಒಂದು ಅಲಾರಂ ಇತ್ತು: 'ಬು ಪೈನೆಮ್, ತಿತಿಪ್.' ಅದೇನೂ ಹೊಸದಲ್ಲ. ಆ ಓಣಿಯಲ್ಲಿ ಯಾರಾದರೂ ಚಪ್ಪಲಿ ಮೆಟ್ಟಿದರೆ ಸಾಕು, ನಾಲ್ಕು ಕಡೆಯಿಂದ 'ತಿತಿಪ್!' ಎಂಬ ಕೂಗು ಬರುತ್ತಿತ್ತು, ಹೇಗೂ ಹೋಗ್ತೀಯಲ್ಲ, ನನ್ನದೂ ಇದೊಂದು ತಲುಪಿಸು ಎಂದು. ಓಣಿಯವರು 'ಬು', ಅಂದರೆ ಅಮ್ಮ, ಎಂದು ಕರೆಯುವ ಪಕ್ಕದ ಮನೆಯ ಪೈನೆಮ್ ಸೋಯಾ ಕಾಳು ಹುದುಗಿಸಿ ಬಾಳೆಲೆಯಲ್ಲಿ ಕಟ್ಟಿದ ತೆಂಪೆಯನ್ನು ಪ್ರಸೋಜೊ ಅಂಗಡಿಗೆ ತಲುಪಿಸುತ್ತಿದ್ದ. ಅಷ್ಟೇ ಇರಬೇಕು.

ಅದರ ಕೆಳಗೆ ಉತ್ತರ ಕಾಣದ ನಾನೂರ ಹನ್ನೆರಡು ಸಂದೇಶಗಳು ಬಂದು ಕೂತಿದ್ದವು. ಎಲ್ಲವೂ ಒಬ್ಬರ ಹೆಸರಿಗೇ: ಬಾವಿಕಟ್ಟೆ ದೊಡ್ಡಮ್ಮ.

ಈಗ ವೆನಿಂಗ್‌ಗೆ ಏನೋ ಬಂತು. ತಲೆಸುತ್ತು.

'ಉಪ್ಪು ಜಾಸ್ತಿ' ವೆನಿಂಗ್‌ಳದೇ ಬ್ಲಾಗು. ಹುಡುಗಿ ಮಾಡಿದ ಅಡುಗೆಗೆ ಉಪ್ಪು ಹೆಚ್ಚಾದರೆ, ಇವಳಿಗೆ ಮದುವೆ ಆಸೆ ಬಂದಿದೆ ಎಂದು ಯೋಗ್ಯಕರ್ತ ಪಟ್ಟಣದ ಹೆಂಗಸರು ಕಿಸಕ್ಕೆನ್ನುತ್ತಾರೆ. ಆ ಸಿಟ್ಟಿಗೇ ಇಟ್ಟ ಹೆಸರು. ಬ್ಲಾಗಿನ ಸುತ್ತ ಬೆಳೆದ ಬಳಗದಲ್ಲಿ ಆರು ಸಾವಿರ ಹುಡುಗಿಯರು ಮನೆಯಲ್ಲಿ ಆಡಲಾಗದ್ದನ್ನು ಆಡುತ್ತಿದ್ದರು. ಮೊದಲ ನಿಯಮವನ್ನು ವೆನಿಂಗ್ ದಪ್ಪಕ್ಷರದಲ್ಲಿ ಬರೆದಿದ್ದಳು: ಗಂಡಸರಿಗೆ ಪ್ರವೇಶವಿಲ್ಲ. ಒಳ್ಳೆಯವರಿಗೂ ಇಲ್ಲ.

ಆ ಬಳಗದ ಜೀವವೇ ಈ ದೊಡ್ಡಮ್ಮ. ಮುಖ ಕಂಡವರಿಲ್ಲ. 'ಅವನು ಬದಲಾಗ್ತಾನೆ ಅಂತ ಎರಡು ವರ್ಷದಿಂದ ಕಾಯ್ತಿದ್ದೀನಿ' ಎಂದವಳಿಗೆ, 'ಎರಡು ದಿನಕ್ಕೆ ಹುದುಗದ ಕಾಳನ್ನ ನಾವು ಕೋಳಿಗೆ ಹಾಕ್ತೀವಿ' ಎಂಬ ಉತ್ತರ. ನರ್ಸ್ ಅಜೆಂಗ್ ನಿಶ್ಚಿತಾರ್ಥ ಮುರಿದು ಮತ್ತೆ ಓದಲು ಸೇರಿದ್ದು ಆ ಒಂದು ಮಾತಿನಿಂದ. ವೆನಿಂಗ್ ಕೂಡ ಒಮ್ಮೆ ಹೆಸರು ಬಚ್ಚಿಟ್ಟು ಕೇಳಿದ್ದಳು: 'ನಾನು ಬರೆಯಲು ಕೂತಾಗಲೆಲ್ಲ ಗಂಡ ಗುನುಗುತ್ತಾನೆ. ಶ್ರುತಿಯೂ ಇಲ್ಲ. ಇದು ದಬ್ಬಾಳಿಕೆಯಲ್ಲವೆ?' ಉತ್ತರ ಬಂದಿತ್ತು: 'ಇರಲಿ ಬಿಡು. ಮನೆ ಸುಮ್ಮನಾದ ದಿನ ಗೊತ್ತಾಗುತ್ತದೆ.' ಅವಳು ಮೂರು ದಿನ ದೊಡ್ಡಮ್ಮನ ಮೇಲೆ ಮುನಿಸಿಕೊಂಡಿದ್ದಳು.

ಈಗ ಮನೆ ಸುಮ್ಮನಿತ್ತು. ಕೆಂಪು ಕನ್ನಡಕ ಏರಿಸಿಕೊಂಡು, ವೇಷ ಹಾಕಿದ ನಟನಂತೆ ಗಂಭೀರವಾಗಿ ಕೂತು, ಆರು ಸಾವಿರ ಹುಡುಗಿಯರಿಗೆ ಬುದ್ಧಿ ಹೇಳುತ್ತಿರುವ ಗಂಡ ಅವಳ ಕಣ್ಣಮುಂದೆ ತೇಲಿ ಹೋದ.

ಅಷ್ಟರಲ್ಲಿ ಬಳಗವನ್ನು ಅವಳ ಜೊತೆ ನಡೆಸುತ್ತಿದ್ದ ಕಿನಂತಿಯ ಕರೆ ಬಂತು.

"ಅಕ್ಕಾ, ಇಂಥ ಹೊತ್ತಲ್ಲಿ ತೊಂದ್ರೆ ಕೊಡ್ತಿದ್ದೀನಿ. ದೊಡ್ಡಮ್ಮ ಹನ್ನೆರಡು ದಿನದಿಂದ ಮಾತೇ ಆಡಿಲ್ಲ. ಅವರು ಬರೆದಿದ್ದೆಲ್ಲ ಜೋಡಿಸಿ ನೋಡಿದ್ವಿ. ಬಾವಿ, ಹಲಸಿನ ಮರ, ಮಾಂಸದುಂಡೆ ಮಾರೋನ ಥರ ಕೂಗೋ ಮೈನಾ. ಅದು ನಿಮ್ಮ ಓಣಿನೇ!"

"ಹೌದಾ."

"ಅವರು ಗಂಡಸಿರಬಹುದು ಅಂತ ಒಬ್ಬಳು ಗುಲ್ಲೆಬ್ಬಿಸಿದ್ದಾಳೆ. ಹಾಗೇನಾದ್ರೂ ಆಗಿದ್ರೆ ನಾನಿನ್ನು ಯಾರನ್ನೂ ನಂಬಲ್ಲ, ಬಳಗಾನೂ ಬೇಡ ಅಂತಿದ್ದಾಳೆ ಅಜೆಂಗ್. ಅವಳು ಹೋದ್ರೆ ಅರ್ಧ ಜನ ಹೋಗ್ತಾರೆ. ನಾಲ್ಕು ಗಂಟೆಗೆ ಹನ್ನೊಂದು ಜನ ಬರ್ತಿದ್ದೀವಿ. ಕಣ್ಣಾರೆ ನೋಡಿದ್ರೆ ಸಾಕು."

"ಅವರು... ನಮ್ಮ ಪಕ್ಕದ ಮನೆಯವರು," ಎಂದುಬಿಟ್ಟಿತು ವೆನಿಂಗ್‌ಳ ಬಾಯಿ.

ಬೇರೆ ಓಣಿಗೆ ಹೋಗಿ ಒಳ್ಳೆಯ ಅಜ್ಜಿಯೊಬ್ಬರನ್ನು ಆರಿಸುವಂತಿರಲಿಲ್ಲ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಅಲೆಯಬಾರದು. ಇದ್ದದ್ದು ಮೋಟುಗೋಡೆಯ ಆಚೆಯ ಬು ಪೈನೆಮ್ ಒಬ್ಬರೇ. ಅವರು ಕಾಳಿನ ಮೊರಕ್ಕೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದರು.

"ಬು, ಇವತ್ತು ಸಂಜೆ ನೀವು ಬೇರೆ ಯಾರೋ ಆಗ್ಬೇಕು."

"ನನಗೆ ಎಪ್ಪತ್ತೆರಡು. ಇನ್ನು ಬೇರೆ ಯಾರೋ ಆಗೋಕೆ ಪುರುಸೊತ್ತೆಲ್ಲಿ? ಇರಲಿ, ಹೇಳು."

ವೆನಿಂಗ್ ಹೇಳಿದಳು. ಬಾವಿಕಟ್ಟೆ ದೊಡ್ಡಮ್ಮ ಎಂಬ ಒಬ್ಬರಿದ್ದಾರೆ, ಅವರಿಗೆ ಮೈ ಸರಿಯಿಲ್ಲ, ನಾನೂರು ಜನ ಉತ್ತರಕ್ಕೆ ಕಾಯ್ತಿದ್ದಾರೆ, ಒಂದು ಗಂಟೆ ನೀವು ಅವರಾಗಿ ಎಂದು. ಬು ಪೈನೆಮ್ ಅವಳ ಮುಖವನ್ನು ತುಸು ಹೊತ್ತು ನೋಡಿ "ಹೂಂ" ಎಂದರು. ಪಾಠ ಶುರುವಾಯಿತು.

"ಎಲ್ಲಿ, 'ಪುರುಷಪ್ರಧಾನ ವ್ಯವಸ್ಥೆ' ಅನ್ನಿ."

"ಅದ್ಯಾವ ಕಾಯಿಲೆ?"

"ಗಂಡಸರು ಹೇಳಿದ್ದೇ ನಡೀಬೇಕು ಅನ್ನೋದು."

"ಓ, ನಮ್ಮ ಮಾವನಿಗೆ ಬಂದಿತ್ತು. ಕೊನೇವರೆಗೂ ವಾಸಿಯಾಗ್ಲಿಲ್ಲ."

ಆ ಕಡೆಯ ಗೋಡೆಯ ಮೇಲೆ ಓಣಿ ಮುಖಂಡನ ಹೆಂಡತಿ ಬು ಸುಪರ್ತಿಯ ತಲೆ ಹುಣ್ಣಿಮೆಯಂತೆ ಮೂಡಿತು. ಒಂದು ಕೆನ್ನೆ ಊದಿತ್ತು. ಪ್ರಾರ್ಥನೆಯ ಊಟದ ತೆಂಪೆಯಲ್ಲಿ ಕಲ್ಲು ಸಿಕ್ಕಿ ಅವರ ಹಲ್ಲು ಮುರಿದಿತ್ತು.

"ಸಲಹೆ ಕೇಳೋಕೆ ಹುಡುಗೀರು ಬರ್ತಾರಂತಾ? ಓಣೀಲಿ ನಾನೊಬ್ಬಳು ಇರುವಾಗ ಆ ಕಲ್ಲು ಕಟ್ಟೋವಳನ್ನ ಯಾಕೆ ಗೋಗರೀತಿ?"

"ಕಾಳಿನಲ್ಲಿರೋ ಕಲ್ಲು ಕಾಣಬೇಕಲ್ಲ ಸುಪರ್ತಿ. ನಿನ್ನ ಹಲ್ಲಿಗೆ ಕಂಡಿತು, ನನ್ನ ಕಣ್ಣಿಗೆ ಕಾಣಲಿಲ್ಲ," ಎಂದರು ಬು ಪೈನೆಮ್.

ನಾಲ್ಕು ಗಂಟೆಗೆ ಸ್ಕೂಟರುಗಳು ಬಂದವು. ಹನ್ನೊಂದು ಹುಡುಗಿಯರು, ಒಂದು ಗೊಂಚಲು ರಂಬುಟಾನ್ ಹಣ್ಣು. ಬು ಪೈನೆಮ್ ಇನ್ನೂ ವೆನಿಂಗ್‌ಳ ಅಡುಗೆಮನೆಯಲ್ಲಿ ಸಾರಿನ ಪಾತ್ರೆಯೊಳಗೆ ಇಣುಕುತ್ತಿದ್ದರು. ಚಾವಡಿಯಲ್ಲಿ ಮಾತ್ರ ಜರಿಯ ಕೆಬಾಯ ಕುಪ್ಪಸ ತೊಟ್ಟು, ಊದಿದ ಕೆನ್ನೆಗೂ ಪೌಡರು ಬಳಿದುಕೊಂಡ ಬು ಸುಪರ್ತಿ ಮದುಮಗಳ ಅಮ್ಮನ ಹಾಗೆ ಕೂತಾಗಿತ್ತು.

"ದೊಡ್ಡಮ್ಮ ಯಾರು?" ಎಂದಳು ಅಜೆಂಗ್.

"ನಾನೇ," ಎಂದರು ಬು ಸುಪರ್ತಿ. ವೆನಿಂಗ್ ಅಡುಗೆಮನೆಯತ್ತ ತಿರುಗಿ ನೋಡಿದಳು.

ಅಜೆಂಗ್ ಅವರ ಎದುರು ಕೂತಳು. "ದೊಡ್ಡಮ್ಮಾ, ಅವನು ಮತ್ತೆ ಬಂದಿದ್ದ. ಬದಲಾಗಿದ್ದೀನಿ ಅಂತಾನೆ."

"ಒಳ್ಳೇದಾಯ್ತಲ್ಲ ಮಗಳೇ! ಹೋಗು, ಒಪ್ಕೋ. ಹೆಂಗಸು ಸ್ವಲ್ಪ ಸಹಿಸ್ಕೋಬೇಕು."

ಹನ್ನೊಂದು ಮುಖಗಳು ಬಿಸಿಲಿಗಿಟ್ಟ ಸೊಪ್ಪಿನ ಹಾಗೆ ಬಾಡಿದವು. ಅಜೆಂಗ್ ಚೀಲ ಹೆಗಲಿಗೇರಿಸಿ ಎದ್ದೇ ಬಿಟ್ಟಳು.

ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು. "ಕೋಳಿಗೆ ಹಾಕಿದ ಕಾಳನ್ನ ಮತ್ತೆ ಪಾತ್ರೆಗೆ ಆರಿಸ್ತೀಯೇನೇ ಅಜೆಂಗ್? ಅವನು ಕೊಟ್ಟ ಕೆಂಪು ಸ್ಕೂಟರು ವಾಪಸ್ ಕಳಿಸಿದ್ಯೋ ಇಲ್ವೋ? ಹೋದ ತಿಂಗಳೇ ಹೇಳಿದ್ದೆ."

ಅಜೆಂಗ್ ನಿಂತಳು. ಬು ಪೈನೆಮ್ ಸೌಟಿನಿಂದ ಸಾರು ನೆಕ್ಕಿ ಮುಖ ಕಿವುಚಿದರು. "ವೆನಿಂಗ್, ಇದೇನೇ ಇದು? ಉಪ್ಪು ಜಾಸ್ತಿ!"

ಎಂಟು ದಿನದ ವಿಧವೆಗೆ ಆ ಮಾತು! ಬು ಸುಪರ್ತಿ ಕೆನ್ನೆ ಹಿಡಿದುಕೊಂಡರು. ಎಲ್ಲೋ ದೂರದಿಂದ, ನೀರಿನ ಅಡಿಯಿಂದ ಎದ್ದುಬಂದಂತೆ ಒಂದು ನಗು ಕೇಳಿಸಿತು. ಅದು ತನ್ನದೇ ಎಂದು ವೆನಿಂಗ್‌ಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿಯರು ಒಟ್ಟಿಗೇ ನಕ್ಕು, ಒಟ್ಟಿಗೇ ಅತ್ತು, ಬು ಪೈನೆಮ್‌ರನ್ನು ಮುತ್ತಿಕೊಂಡರು. ಅಜೆಂಗ್ ಅವರ ಕೈಬಿಡದೆ ಕೂತು ಎರಡು ಬಟ್ಟಲು ಉಪ್ಪುಸಾರು ಕುಡಿದಳು.

ಅವರೆಲ್ಲ ಹೋದ ಮೇಲೆ, ಐದಕ್ಕೆ ಸರಿಯಾಗಿ ಪ್ರಸೋಜೊನ ಫೋನು ಬಡಿದುಕೊಂಡಿತು. ಬು ಪೈನೆಮ್, ತಿತಿಪ್.

"ಕೆಂಪು ಸ್ಕೂಟರಿನ ವಿಷಯ ನಾನು ನಿಮಗೆ ಹೇಳಿರಲಿಲ್ಲ," ಎಂದಳು ವೆನಿಂಗ್.

"ನೀನ್ಯಾಕೆ ಹೇಳ್ಬೇಕು? ನನಗೆ ಅಕ್ಷರ ಬರಲ್ಲ. ನಿನ್ನ ಗಂಡ ನೀನು ಬರೆದಿದ್ದನ್ನ ಜಂಬದಿಂದ ನನ್ನ ಮೆಟ್ಟಿಲ ಮೇಲೆ ಕೂತು ಓದ್ತಿದ್ದ. ಒಂದಿನ ಯಾವುದೋ ಹುಡುಗಿ ಗೋಳಾಡಿದ್ಲು, ನಾನು ಬೈದೆ. ಅವನು ಅದನ್ನೇ ಫೋನಲ್ಲಿ ಕುಟ್ಟಿ ಕಳಿಸ್ದ. ಅವತ್ತಿಂದ ನಾನು ಹೇಳೋದು, ಅವನು ತಲುಪಿಸೋದು. ತಿತಿಪ್."

"ಮತ್ತೆ ಬೆಳಿಗ್ಗೆ ಯಾಕೆ ಸುಮ್ಮನಿದ್ರಿ?"

"ಗಂಡಸರಿಗೆ ಪ್ರವೇಶ ಇಲ್ಲ ಅಂತ ನೀನು ಬರೆದಿದ್ದೆ. ಕುಟ್ಟೋ ಕೆಲಸ ಹೋಗತ್ತೆ, ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದ. ನೀನೂ ಕೇಳಲಿಲ್ಲ, ಬರೀ ಕಲಿಸ್ತಿದ್ದೆ."

"ಅವನು ಸ್ವಂತದ್ದು ಏನೂ ಸೇರಿಸಲಿಲ್ಲವಾ?"

"ಒಂದೇ ಸಲ. ಗಂಡ ಗುನುಗ್ತಾನೆ ಅಂತ ಯಾವಳೋ ಕೇಳಿದ್ಲು. ಬಾಯಿಗೆ ಬಟ್ಟೆ ತುರುಕು ಅಂತ ಬರಿ ಅಂದೆ. ಅವನು ಬೇರೇನೋ ಬರೆದ. ಓದಿ ಹೇಳು ಅಂದ್ರೆ ಹೇಳಲಿಲ್ಲ. ಕಿವಿ ಕೆಂಪಗಾಗಿತ್ತು." ಅವರು ಎದ್ದು ಸೊಂಟ ಹಿಡಿದುಕೊಂಡರು. "ನಾನೂರು ಜನ ಕಾಯ್ತಿದ್ದಾರೆ ಅಂದ್ಯಲ್ಲ. ಇವತ್ತಿಂದ ಐದಕ್ಕೆ ನೀನು ಬಾ. ಹಾಗೇ ನನ್ನ ಕನ್ನಡಕ ತಾ. ಅವನದು ಒಡೆದಿತ್ತು ಅಂತ ಇಸ್ಕೊಂಡು ಹೋದವನು, ತರಲೇ ಇಲ್ಲ."

ಹೆಣ್ಣಿನ ಬಿಡುಗಡೆಗಾಗಿ ನಾಲ್ಕು ವರ್ಷ ಬರೆದವಳು ಹೀಗೆ ಕೊನೆಗೆ ಗಂಡನ ಕೆಲಸಕ್ಕೇ ಸೇರಿದಳು.

ಒಳಗೆ ಹೋಗಿ ಅವಳು ಆ ಹಳೆಯ ಉತ್ತರವನ್ನು ತೆರೆದಳು. ಗಂಡಸಿನ ಮಾತು; ನಿಯಮದ ಪ್ರಕಾರ ಅದನ್ನು ಅಳಿಸಬೇಕು. ಬೆರಳಿಟ್ಟಳು, ತೆಗೆದಳು. ಕನ್ನಡಕವನ್ನು ತೊಳೆದು ಒರೆಸಿದಳು. ಇಸಕೊಂಡದ್ದನ್ನು ಇಲ್ಲಿ ಯಾರೂ ಬರಿದೇ ಹಿಂದಿರುಗಿಸುವುದಿಲ್ಲ; ಒಂದು ಚೂರು ತಾಳೆಬೆಲ್ಲದ ಜೊತೆ ಬಾಳೆಲೆಯಲ್ಲಿ ಮಡಿಸಿ, ಮೋಟುಗೋಡೆ ಸುತ್ತಿ ಹೊರಟಳು. ದಾರಿಯಲ್ಲಿ ಇರುವೆ ಸಾಲಿತ್ತು. ಬಳಸಿ ನಡೆದಳು.

ಬು ಪೈನೆಮ್ ಕಾಳಿನಿಂದ ತಲೆಯೆತ್ತದೆ ಕೈಚಾಚಿದರು.

"ಅವನೂ ಆ ಹಾಡಲ್ಲಿ ಅಲ್ಲೇ ಶ್ರುತಿ ತಪ್ತಿದ್ದ," ಎಂದರು.

ತಾನು ಗುನುಗುತ್ತಿದ್ದುದು ವೆನಿಂಗ್‌ಗೆ ಆಗ ಗೊತ್ತಾಯಿತು. ಪೊಟ್ಟಣವನ್ನು ಅವರ ಅಂಗೈಯಲ್ಲಿಟ್ಟಳು.